ಕಾಳಿಗೊಂದು ಕಲ್ಲು, ಕಲ್ಲಿಗೊಂದು ಹೊಲ

ನೌಬಾದ, ಭಾಲ್ಕಿ, ಔರಾದ ಸೀಮೆಯವರಿಗೆ ದೇವರ ಸಂಗಡ ನಾಯಿ ಇರುವುದು ಹೊಸದೇನಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣ ಇದ್ದಾನೆ. ಮಲ್ಲಣ್ಣ ಎಂದರೆ ಕುದುರೆ, ಭಂಡಾರ, ಜೊತೆಗೊಂದು ನಾಯಿ. ಆದರೆ ಅಲ್ಲಿ ನಾಯಿ ಒಡೆಯನ ಪರಿವಾರದಲ್ಲಿ ಒಂದು, ಅಷ್ಟೇ. ನಾಯಿಗಾಗಿಯೇ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ಗೊತ್ತುಮಾಡಿ, ಆ ಪೂಜೆ ತಪ್ಪದಿರಲೆಂದು ಭೂಮಿಯನ್ನೂ ಬಿಟ್ಟುಕೊಟ್ಟ ಪುಣ್ಯಾತ್ಮನೊಬ್ಬ ಕನ್ನಡ ನಾಡಿನಲ್ಲಿದ್ದ. ಅವನ ಹೆಸರು ಮಣಲೇರ. ನಾಯಿಯ ಹೆಸರು ಕಾಳಿ. ಊರು ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಗೂರು. ಕಾಲ ಶಕವರ್ಷ 872, ಅಂದರೆ ಕ್ರಿ.ಶ. 949-50.

ಕಾವೇರಿ ಸೀಮೆಯ ಕತೆ ನಮಗೇಕೆ ಎನ್ನುವಂತಿಲ್ಲ. ಆಗ ಆ ಸೀಮೆಗೂ ಸಾರ್ವಭೌಮನಾಗಿದ್ದವನು ನಮ್ಮ ನೆರೆಯ ಮಳಖೇಡದ ದೊರೆ, ರಾಷ್ಟ್ರಕೂಟರ ಮೂರನೆಯ ಕೃಷ್ಣ. ಶಾಸನಗಳಲ್ಲಿ ಅವನು ಕನ್ನರದೇವ. ಅವನ ಬಲಗೈಯಂತಿದ್ದವನು ಗಂಗರ ಇಮ್ಮಡಿ ಬೂತುಗ. ಇಬ್ಬರೂ ಕೂಡಿ ತಮಿಳುನಾಡಿನ ತಕ್ಕೋಲದಲ್ಲಿ ಚೋಳರ ಮೇಲೆ ಬಿದ್ದರು. ಚೋಳರ ರಾಜಾದಿತ್ಯ ಆನೆಯ ಮೇಲೆ ಕೂತಿದ್ದಂತೆಯೇ ಬೂತುಗನ ಕೈಯಲ್ಲಿ ಸತ್ತ. ಮೆಚ್ಚಿದ ಕನ್ನರದೇವ ಬನವಾಸಿ 12,000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂದು ನಾಡಿಗೆ ನಾಡನ್ನೇ ಬೂತುಗನಿಗೆ ಕೊಟ್ಟ.

ಅದೇ ಯುದ್ಧದಲ್ಲಿ ಬೂತುಗನ ಕಣ್ಣೆದುರು ಎದೆಗೊಟ್ಟು ಕಾದಾಡಿದವನು ಮಣಲೇರ. ಬೂತುಗನೂ ಮೆಚ್ಚಿದ. ಬೇಕಾದ್ದನ್ನು ಕೇಳು ಎಂದ. ಮೇಲಿನವರು ನಾಡುಗಳ ಲೆಕ್ಕದಲ್ಲಿ ಕೊಡು-ಕೊಳ್ಳು ನಡೆಸಿದ್ದ ಹೊತ್ತು ಅದು. ಮಣಲೇರ ಕೇಳಿದ್ದು ಮಾತ್ರ ದೊರೆಯ ಅಚ್ಚುಮೆಚ್ಚಿನ ಬೇಟೆನಾಯಿಯನ್ನು! ಕಾಳಿಯನ್ನು ದಯಪಾಲಿಸಿ ಎಂದ, ಪಡೆದುಕೊಂಡ. ಆತಗೂರು ಹನ್ನೆರಡು ಹಳ್ಳಿಗಳೂ ಬೆಳ್ವೊಲದ ಒಂದು ಊರೂ ಅವನಿಗೆ ಬಾಳ್ಗಚ್ಚಾಗಿ ಸಂದವು ಎಂದು ಕಾಳಿಯ ಕಲ್ಲಿನ ಮೇಲಿನ ಶಾಸನವೇ ಹೇಳುತ್ತದೆ. ಬಾಳ್ಗಚ್ಚು ಎಂದರೆ ಗೆದ್ದು ಬಂದವನ ಕತ್ತಿ ತೊಳೆದು ಕೊಡುತ್ತಿದ್ದ ಉಂಬಳಿ. ಹೀಗೆ ಮಣಲೇರ ಆತಗೂರಿಗೆ ಒಡೆಯನಾದ.

ಮುಂದೆ ಒಂದು ದಿನ ಬೇಟೆ. ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಶಾಸನದಲ್ಲಿ ಈ ಘಟನೆಗೆ ಸಿಕ್ಕಿರುವುದು ಇಷ್ಟೇ ಜಾಗ. ಅಳು ಇಲ್ಲ, ಹೊಗಳಿಕೆಯೂ ಇಲ್ಲ. ರಾಜರ ಬಿರುದುಗಳನ್ನು ಬರೆಯುವಾಗ ಮಾತು ದುಂದು ಮಾಡಿದ ಅದೇ ಶಾಸನ ನಾಯಿಯ ಬಳಿ ಬಂದಾಗ ಮೈ ಬಿಗಿಹಿಡಿಯುತ್ತದೆ. ನನಗೆ ಅದೇ ಇಷ್ಟ.

ಮಣಲೇರ ಆತಗೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಅದರ ಮೇಲೆ ಹಂದಿಯೂ ನಾಯಿಯೂ ಸೆಣಸುತ್ತಿವೆ, ಉಳಿದಲ್ಲೆಲ್ಲ ಹಳಗನ್ನಡದ ಅಕ್ಷರ. ವೀರಗಲ್ಲು ನೋಡಿ ಬಲ್ಲವರಿಗೆ ಅದರ ಮಾಮೂಲಿ ಮಜಲುಗಳು ಗೊತ್ತು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕೂತಿರುವುದು. ಇಲ್ಲಿ ಅದೊಂದೂ ಇಲ್ಲ. ಕಾಳಿಗೆ ಸ್ವರ್ಗದ ಆಸೆ ತೋರಿಸದೆ ಕಾದಾಟದಲ್ಲೇ ನಿಲ್ಲಿಸಿದ್ದಾರೆ. ಖರ್ಚು ಮಾಡಿದವನ ಮುಖವೂ ಕಲ್ಲಿನಲ್ಲಿಲ್ಲ. ಬಸ್ ತಂಗುದಾಣ ಕಟ್ಟಿಸಿದರೂ ದಾನಿಯ ಭಾವಚಿತ್ರ ತಂಗುದಾಣಕ್ಕಿಂತ ದೊಡ್ಡದಿರುವ ಈ ಕಾಲದಲ್ಲಿ ನೋಡುವಾಗ ಅದು ಎದ್ದು ಕಾಣುತ್ತದೆ.

ಆದರೆ ಈ ದಾನಿಯ ನಿಜವಾದ ಜಾಣತನ ಕಲ್ಲಿನಲ್ಲಿಲ್ಲ, ಅದರ ಹಿಂದಿನ ಏರ್ಪಾಟಿನಲ್ಲಿದೆ. ಪ್ರತಿಮೆ ನಿಲ್ಲಿಸುವುದು ಒಂದು ದಿನದ ಹುರುಪು. ಮಾಲೆ ಒಣಗಿದ ಮೇಲೆ ಅದರ ಮೇಲಿನ ಹಿಕ್ಕೆ ತೊಳೆಯುವವರು ಯಾರು ಎಂಬುದು ನಮ್ಮ ಯಾವ ಸರ್ಕಲ್ಲಿನಲ್ಲೂ ಇನ್ನೂ ಇತ್ಯರ್ಥವಾಗಿಲ್ಲ. ಮಣಲೇರ ಊರ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಈ ಕಲ್ಲಿಗೆಂದು ಬಿಟ್ಟ. ಕೆರೆಯ ಕೆಳಗಿನ ಭೂಮಿ ಎಂದರೆ ನೀರಿನ ಆಸರೆ ಇರುವ ಭೂಮಿ, ಕಲ್ಲುಬೋರೆಯಲ್ಲ. ಗುಡಿಯನ್ನು ನೋಡಿಕೊಳ್ಳುವ ಗೊರವನಿಗೆ ಕಟ್ಟಳೆಯನ್ನೂ ಹಾಕಿದ. ಈ ಕಲ್ಲನ್ನು ಪೂಜಿಸದೆ ಗೊರವ ಉಣ್ಣುವಂತಿಲ್ಲ. ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನ ತಲೆಗೆ. ಭೂಮಿಯನ್ನು ಕೆಡಿಸಿದವನಿಗೂ ಅದೇ ಗತಿ.

ನಾಯಿ ಯಾವ ಪಾಪ ಮಾಡಿತ್ತು? ಬದುಕಿಡೀ ಬೇಟೆಯಾಡಿದ ಪ್ರಾಣಿ, ಕೊಂದದ್ದಕ್ಕೆ ಲೆಕ್ಕವಿರಲಿಕ್ಕಿಲ್ಲ. ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಗಳಲ್ಲಿ ಸಾಮಾನ್ಯವಾಗಿ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಮಾತಿರುತ್ತದೆ. ಅಷ್ಟು ದೂರ ಹೋಗುವ ಗೋಜಿಲ್ಲದೆ ಕೈಗೆಟುಕುವ ನಾಯಿಯ ಪಾಪವನ್ನೇ ಹಿಡಿದು ಹೆದರಿಸಿದ್ದಾರೆ. ಬರೆದವನು ಒಳಗೊಳಗೇ ನಕ್ಕಿರಬೇಕು ಎಂದು ನನ್ನ ಗುಮಾನಿ.

ಲೋಕಪ್ರಸಿದ್ಧ ನಾಯಿ ಪ್ರತಿಮೆಗಳಿಗೂ ದಾನಿಗಳುಂಟು. ಎಡಿನ್‌ಬರೋದಲ್ಲಿ ಒಡೆಯನ ಗೋರಿ ಕಾದನೆಂದು ಹೆಸರಾದ ಬಾಬಿ 1872ರಲ್ಲಿ ಸತ್ತ. ಮರುವರ್ಷ ಅವನ ಪ್ರತಿಮೆಗೆ ಹಣ ಕೊಟ್ಟವಳು ಆಂಜೆಲಾ ಬರ್ಡೆಟ್-ಕೂಟ್ಸ್ ಎಂಬ ಶ್ರೀಮಂತೆ. ಟೋಕಿಯೊದ ಶಿಬುಯಾ ನಿಲ್ದಾಣದಲ್ಲಿ ಹಾಚಿಕೊನ ಕಂಚಿನ ಪ್ರತಿಮೆ ನಿಂತದ್ದು 1934ರಲ್ಲಿ, ನಾಯಿ ಇನ್ನೂ ಬದುಕಿರುವಾಗಲೇ. ಮಹಾಯುದ್ಧದಲ್ಲಿ ಆ ಕಂಚನ್ನು ಕರಗಿಸಿದರು, 1948ರಲ್ಲಿ ಹೊಸದನ್ನು ನಿಲ್ಲಿಸಿದರು. ಕಾಳಿಯ ಕಲ್ಲು ಇವೆರಡಕ್ಕಿಂತ ಒಂಬೈನೂರು ವರ್ಷಕ್ಕೂ ಹಿರಿದು.

ಕಲ್ಲು ಈಗ ಆತಗೂರಿನಲ್ಲಿಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸದವರು ಅದನ್ನು ಹುಡುಕಿಕೊಂಡು ಹೋಗುವುದು ಹೆಚ್ಚಾಗಿ ತಕ್ಕೋಲದ ಯುದ್ಧಕ್ಕಾಗಿ. ರಾಜಾದಿತ್ಯನನ್ನು ಕೊಂದವರು ಯಾರು, ಬೂತುಗನಿಗೆ ಯಾವ ಯಾವ ನಾಡು ಸಿಕ್ಕವು ಎಂಬುದಕ್ಕೆ ಈ ಕಲ್ಲು ಮುಖ್ಯ ಸಾಕ್ಷಿ. ಇಬ್ಬರು ದೊರೆಗಳ ಪರಾಕ್ರಮ ನಮ್ಮವರೆಗೆ ಬಂದದ್ದು ಒಂದು ನಾಯಿ ಹಂದಿಗೆ ಸಿಕ್ಕಿ ಸತ್ತದ್ದರಿಂದ.

ಪೂಜೆಯ ಮಾತಿಗೆ ಬಂದರೆ, ಆ ಸೀಮೆಗೆ ಅದು ಪೂರ್ತಿ ಮರೆತುಹೋದಂತಿಲ್ಲ. ಮದ್ದೂರಿನ ಮಗ್ಗುಲಿನ ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ 2010ರಲ್ಲಿ ವ್ಯಾಪಾರಿಯೊಬ್ಬರು ನಾಯಿಗಳಿಗೆಂದೇ ಗುಡಿ ಕಟ್ಟಿಸಿದರು. ಕಾಣೆಯಾದ ಎರಡು ನಾಯಿಗಳಿಗೆ ನೆಲೆ ಕಲ್ಪಿಸೆಂದು ಊರ ದೇವತೆ ಕೆಂಪಮ್ಮ ಕನಸಿನಲ್ಲಿ ಹೇಳಿದಳಂತೆ. ಒಳಗೆ ಎರಡು ನಾಯಿಗಳ ಮೂರ್ತಿಗಳಿವೆ, ಪೂಜೆ ನಡೆಯುತ್ತದೆ, ದೂರದ ಊರುಗಳಿಂದ ಜನ ಬಂದು ಕೈಮುಗಿದು ಫೋಟೊ ಹೊಡೆದುಕೊಂಡು ಹೋಗುತ್ತಾರೆ.