ಕಾಡಿನ ಕೆಲಸಕ್ಕೆ ವಾಕಿಟಾಕಿ: ಕಾನೂನು, ವ್ಯಾಪ್ತಿ ಮತ್ತು ಲೆಕ್ಕಪತ್ರ

ಧಾರವಾಡದಿಂದ ಲೋಂಡಾ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಕ್ಯಾರಕೊಪ್ಪವನ್ನು ದಾಟಿದ ಮೇಲೆ ಬರುವ ನಿಲ್ದಾಣ ಮುಗದ. ಭತ್ತದ ಸಂಶೋಧನೆಗೆ ಹೆಸರಾದ ಈ ಊರು ಎರೆಯ ಸೀಮೆ ಮುಗಿದು ಅರೆಮಲೆನಾಡು ತೊಡಗುವ ಗಡಿಯಲ್ಲಿದೆ. ಇಲ್ಲಿಂದ ಪಶ್ಚಿಮಕ್ಕೆ ಕಂಬಾರಗಣವಿ, ಅಳ್ನಾವರ, ಹಳಿಯಾಳ, ದಾಂಡೇಲಿಗಳತ್ತ ಹೋದಂತೆ ಮರಗಳು ದಟ್ಟವಾಗುತ್ತವೆ. ಮೊಬೈಲ್ ಸಂಪರ್ಕ ಮಾತ್ರ ಎಲ್ಲೆಡೆ ಒಂದೇ ಸಮನಾಗಿ ದೊರೆಯುವುದಿಲ್ಲ. ನೆಡುತೋಪುಗಳ ನೀಲಗಿರಿ, ಅಕೇಸಿಯಾ ಮರಗಳನ್ನು ಕಡಿಸಿ ಸಾಗಿಸುವ ಗುತ್ತಿಗೆದಾರರು, ಕಟ್ಟಿಗೆ ಅಡ್ಡೆಗಳ ಮಾಲೀಕರು, ಲಾರಿ ವ್ಯವಹಾರಸ್ಥರು ಹಾಗೂ ಉರುವಲು ವ್ಯಾಪಾರಿಗಳು ಈ ತೊಂದರೆಯನ್ನು ಪ್ರತಿದಿನ ಎದುರಿಸುತ್ತಾರೆ. ಅದಕ್ಕೆ ಪರಿಹಾರವಾಗಿ ಕೈಯಲ್ಲಿ ಹಿಡಿದು ಮಾತನಾಡುವ ನಿಸ್ತಂತು ಸೆಟ್, ಅಂದರೆ ವಾಕಿಟಾಕಿಯನ್ನು ಕೊಳ್ಳುವವರ ಸಂಖ್ಯೆ ಹೆಚ್ಚುತ್ತಿದೆ.

ಈ ಉಪಕರಣ ಹೊಸದೇನಲ್ಲ. 1937ರಲ್ಲಿ ಕೆನಡಾದ ಡೊನಾಲ್ಡ್ ಹಿಂಗ್ಸ್ ಎಂಬ ತಂತ್ರಜ್ಞರು ಗಣಿ ಕಂಪನಿಯೊಂದರ ಸಲುವಾಗಿ, ಕಾಡುಪ್ರದೇಶಗಳಲ್ಲಿ ಹಾರಾಡುವ ಅದರ ವಿಮಾನಗಳ ಬಳಕೆಗೆಂದು ಹೊತ್ತೊಯ್ಯಬಲ್ಲ ರೇಡಿಯೋವನ್ನು ನಿರ್ಮಿಸಿದರು. ಸೈನ್ಯವು ಅದನ್ನು ಅಪ್ಪಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ನಮ್ಮಲ್ಲಿಯೂ ಗೂಡ್ಸ್ ಗಾಡಿಗಳ ಚಾಲಕರು, ಗಾರ್ಡ್‌ಗಳು ಮತ್ತು ನಿಲ್ದಾಣದ ಸಿಬ್ಬಂದಿ ಪರಸ್ಪರ ಮಾತನಾಡುವುದು ಇಂತಹ ಸೆಟ್‌ಗಳ ಮೂಲಕವೇ. ಆದರೆ ರೈಲ್ವೆ, ಪೊಲೀಸ್ ಮತ್ತು ಅರಣ್ಯ ಇಲಾಖೆಗಳು ಬಳಸುವ ಆವರ್ತನಗಳು ಅವುಗಳಿಗಾಗಿಯೇ ಹಂಚಿಕೆಯಾದಂಥವು. ಅಂತಹುದೇ ಸೆಟ್ ಅಂಗಡಿಯಲ್ಲಿ ದೊರೆಯಿತೆಂದ ಮಾತ್ರಕ್ಕೆ ಖಾಸಗಿಯವರು ಅದನ್ನು ಬಳಸಬಹುದು ಎಂದರ್ಥವಲ್ಲ. ಹೆಚ್ಚಿನ ಖರೀದಿದಾರರು ತಪ್ಪುವುದು ಇಲ್ಲಿಯೇ.

ಮೂರು ಬಗೆಯ ಸೆಟ್‌ಗಳು

ಕಾನೂನಿನ ದೃಷ್ಟಿಯಿಂದ ಮಾರುಕಟ್ಟೆಯಲ್ಲಿರುವ ಸೆಟ್‌ಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಪರವಾನಗಿ ಬೇಕಿಲ್ಲದ ಗುಂಪು. ಅಲ್ಪಶಕ್ತಿಯ ರೇಡಿಯೋ ಉಪಕರಣಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡುವ 2018ರ ಕೇಂದ್ರ ನಿಯಮಗಳ ಅನ್ವಯ 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ಯಾರು ಬೇಕಾದರೂ ಬಳಸಬಹುದು. ಯುರೋಪಿನಲ್ಲಿ ಪಿಎಂಆರ್ 446 ಎಂದು ಹೆಸರಾದ ವ್ಯವಸ್ಥೆಯ ಪಟ್ಟಿಯೂ ಇದೇ. ಅಲ್ಲಿ ಸೆಟ್‌ನ ಶಕ್ತಿ ಅರ್ಧ ವ್ಯಾಟ್‌ಗೆ ಸೀಮಿತ. ಪಟ್ಟಿಯಲ್ಲಿ 16 ಚಾನೆಲ್‌ಗಳಿಗೆ ಅವಕಾಶವಿದೆ. ಬಳಕೆಗೆ ಪರವಾನಗಿ ಬೇಡವಾದರೂ, ಆ ಮಾದರಿಯ ಸೆಟ್‌ಗೆ ಕೇಂದ್ರ ದೂರಸಂಪರ್ಕ ಇಲಾಖೆಯ ಉಪಕರಣ ಮಾದರಿ ಅನುಮೋದನೆ, ಅಂದರೆ ಇಟಿಎ ಪ್ರಮಾಣಪತ್ರ ಇರಲೇಬೇಕು.

ಎರಡನೆಯದು ಪರವಾನಗಿ ಪಡೆದು ಬಳಸುವ ಗುಂಪು. ಹೆಚ್ಚಿನ ಶಕ್ತಿಯ ಸೆಟ್‌ಗಳು ಬೇಕಾದ ಸಂಸ್ಥೆಗಳು ದೂರಸಂಪರ್ಕ ಇಲಾಖೆಗೆ ಅರ್ಜಿ ಸಲ್ಲಿಸಿ, ತಮ್ಮದೇ ಆವರ್ತನವನ್ನು ಹಂಚಿಕೆ ಮಾಡಿಸಿಕೊಂಡು, ನಿಗದಿತ ಶುಲ್ಕಗಳನ್ನು ಸಲ್ಲಿಸಬೇಕು. ಕಾರ್ಖಾನೆಗಳು, ದೊಡ್ಡ ತೋಟಗಳು ಹಾಗೂ ವರ್ಷವಿಡೀ ಒಂದೇ ಪ್ರದೇಶದಲ್ಲಿ ಕೆಲಸವಿರುವ ಸಂಸ್ಥೆಗಳಿಗೆ ಇದು ಸೂಕ್ತ. ಮೂರು ತಿಂಗಳ ಕಟಾವಿನ ಗುತ್ತಿಗೆ ಹಿಡಿದವರಿಗೆ ಇದರ ವೆಚ್ಚ ಮತ್ತು ಕಾಲಾವಧಿ ಎರಡೂ ಭಾರವಾಗಬಹುದು.

ಮೂರನೆಯದು ಇವೆರಡಕ್ಕೂ ಸೇರದ ಗುಂಪು. ಬಳಕೆದಾರನೇ ಆವರ್ತನವನ್ನು ಬದಲಾಯಿಸಬಹುದಾದ, 5 ವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಶಕ್ತಿಯ ಅಗ್ಗದ ಸೆಟ್‌ಗಳು ಇದರಲ್ಲಿ ಬರುತ್ತವೆ. ಇವುಗಳಲ್ಲಿ ಕೆಲವನ್ನು ಪರೀಕ್ಷೆ ತೇರ್ಗಡೆಯಾಗಿ ಪರವಾನಗಿ ಪಡೆದ ಹವ್ಯಾಸಿ ರೇಡಿಯೋ ಬಳಕೆದಾರರು ತಮಗೆ ಮೀಸಲಾದ ಆವರ್ತನಗಳಲ್ಲಿ ಬಳಸುತ್ತಾರೆ. ಆದರೆ ಹವ್ಯಾಸಿ ಪರವಾನಗಿಯಲ್ಲಿ ವ್ಯಾಪಾರದ ಮಾತಿಗೆ ಅವಕಾಶವಿಲ್ಲ. ಪರವಾನಗಿ ಇಲ್ಲದವರ ಕೈಯಲ್ಲಂತೂ ಈ ಸೆಟ್ ಅಕ್ರಮ ಸ್ವತ್ತೇ ಸರಿ. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ತಂದುಕೊಟ್ಟ ಸೆಟ್‌ಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಅಲ್ಲಿ ಮನೆಬಳಕೆಗೆಂದು ಬಿಟ್ಟುಕೊಟ್ಟ ಪಟ್ಟಿಗಳು 462 ಮತ್ತು 467 ಮೆಗಾಹರ್ಟ್ಸ್ ಆಸುಪಾಸಿನವು. ಭಾರತದ 446ರ ವಿನಾಯಿತಿ ಅವುಗಳಿಗೆ ಅನ್ವಯಿಸುವುದಿಲ್ಲ.

ಕಾನೂನಿನ ಬಿಗಿ

ಅನುಮತಿಯಿಲ್ಲದ ಪ್ರಸಾರ ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧ ಎಂಬ ತತ್ತ್ವ ಬಹಳ ಹಳೆಯದು. 1933ರ ಭಾರತೀಯ ನಿಸ್ತಂತು ತಂತಿ ಕಾಯ್ದೆಯು ಪರವಾನಗಿಯಿಲ್ಲದೆ ನಿಸ್ತಂತು ಪ್ರಸಾರ ಯಂತ್ರವನ್ನು ಇಟ್ಟುಕೊಂಡವರಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಬಹುದೆಂದು ಹೇಳಿತ್ತು. ಆ ಕಾಯ್ದೆಯ ಸ್ಥಾನವನ್ನು ತುಂಬಲು ರೂಪಿಸಲಾದ 2023ರ ದೂರಸಂಪರ್ಕ ಕಾಯ್ದೆಯನ್ನು 2024ರ ಜೂನ್ 26ರಿಂದ ಹಂತ ಹಂತವಾಗಿ ಜಾರಿಗೆ ತರಲಾಯಿತು. ರೇಡಿಯೋ ಉಪಕರಣವನ್ನು ಇಟ್ಟುಕೊಳ್ಳಲು ಅನುಮತಿ ಇಲ್ಲವೆ ವಿನಾಯಿತಿ ಇರಬೇಕೆಂಬ ಮೂಲತತ್ತ್ವ ಅದರಲ್ಲಿಯೂ ಮುಂದುವರಿದಿದೆ.

ಆನ್‌ಲೈನ್ ಮಾರಾಟದ ಮೇಲೂ ಸರ್ಕಾರದ ಗಮನ ಹರಿದಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ವಾಕಿಟಾಕಿಗಳನ್ನು ಅಗತ್ಯ ವಿವರಗಳಿಲ್ಲದೆ ಮಾರಾಟಕ್ಕಿಟ್ಟ 13 ಆನ್‌ಲೈನ್ ವೇದಿಕೆಗಳಿಗೆ ನೋಟಿಸ್ ನೀಡಿತು. ಅದೇ ವರ್ಷ ಪ್ರಕಟವಾದ ಮಾರ್ಗಸೂಚಿಗಳ ಪ್ರಕಾರ ಸೆಟ್‌ನ ಆವರ್ತನ ಮತ್ತು ಇಟಿಎ ಪ್ರಮಾಣಪತ್ರದ ವಿವರಗಳನ್ನು ಮಾರಾಟದ ಪುಟದಲ್ಲಿಯೇ ತಿಳಿಸಬೇಕು. ನಮ್ಮ ವಿದ್ಯುನ್ಮಾನ ಸಾಮಗ್ರಿಗಳ ಅಂಗಡಿಕಾರರೂ ಇದನ್ನು ಗಮನಿಸುವುದು ಒಳಿತು. ಸಗಟು ವ್ಯಾಪಾರಿಯಿಂದ ಮಾಲು ತರಿಸುವಾಗ ಆಯಾ ಮಾದರಿಯ ಇಟಿಎ ಪ್ರತಿಯನ್ನು ಕೇಳಿ ಪಡೆಯಬೇಕು. 'ಎಲ್ಲರೂ ಮಾರುತ್ತಾರೆ' ಎಂಬ ಸಮಜಾಯಿಷಿಯನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಕಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಪ್ರದೇಶದ ಪಶ್ಚಿಮಕ್ಕಿರುವ ದಾಂಡೇಲಿ-ಅಣಶಿ ಅರಣ್ಯ 2007ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. 2015ರಲ್ಲಿ ಕಾಳಿ ಎಂಬ ಹೆಸರನ್ನು ಪಡೆಯಿತು. ಇಂತಹ ಅರಣ್ಯಗಳ ಆಸುಪಾಸಿನಲ್ಲಿ ಅಪರಿಚಿತರ ಕೈಯಲ್ಲಿ ನಿಸ್ತಂತು ಸೆಟ್ ಕಂಡರೆ ಸಿಬ್ಬಂದಿಗೆ ಸಂಶಯ ಬರುವುದು ಸಹಜ. ಖರೀದಿ ಬಿಲ್ಲು, ಇಟಿಎ ಪ್ರತಿ ಹಾಗೂ ಕಟಾವಿನ ಅನುಮತಿ ಪತ್ರಗಳು ಮೇಸ್ತ್ರಿಯ ಬಳಿ ಇರತಕ್ಕದ್ದು. ವಾಕಿಟಾಕಿಗೆ ಇರುವ ವಿನಾಯಿತಿ ಕಾಡಿನೊಳಗೆ ಹೋಗಲು ದೊರೆತ ಅನುಮತಿಯಲ್ಲ.

ಎಷ್ಟು ದೂರ ಕೇಳಿಸುತ್ತದೆ?

ಡಬ್ಬಿಯ ಮೇಲೆ 8 ಕಿಲೋಮೀಟರ್, 10 ಕಿಲೋಮೀಟರ್ ಎಂದು ಮುದ್ರಿಸಿರುತ್ತಾರೆ. ಈ ಸಂಖ್ಯೆಗಳು ಬಯಲಿನ ಲೆಕ್ಕದವು. ರೇಡಿಯೋ ತರಂಗಗಳು ಬಹುಮಟ್ಟಿಗೆ ನೇರವಾಗಿ ಚಲಿಸುತ್ತವೆ. ಭೂಮಿಯದು ಗುಂಡಾದ ಮೈ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಸೆಟ್ ಹಿಡಿದ ಇಬ್ಬರ ನಡುವೆ ಒಂದು ಗಿಡವೂ ಇಲ್ಲದ ಸಮತಟ್ಟು ಬಯಲಿದ್ದರೂ ಸಂಪರ್ಕದ ಮಿತಿ ಸುಮಾರು 10 ಕಿಲೋಮೀಟರ್ ಮಾತ್ರ. ಕಾಡಿನಲ್ಲಿ ಕಾಂಡಗಳು, ಎಲೆಗಳು ಮತ್ತು ದಿಬ್ಬಗಳು ತರಂಗವನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಮಳೆಗಾಲದಲ್ಲಿ ಎಲೆಗಳು ತೊಯ್ದಾಗ ಈ ನಷ್ಟ ಇನ್ನೂ ಹೆಚ್ಚು. ಅರ್ಧ ವ್ಯಾಟ್‌ನ ಸೆಟ್ ದಟ್ಟ ತೋಪಿನಲ್ಲಿ ಒಂದು ಕಿಲೋಮೀಟರ್ ಮುಟ್ಟಿದರೂ ತೃಪ್ತಿಪಡಬೇಕು. ತಗ್ಗು ಅಡ್ಡಬಂದರೆ ಕೆಲವು ನೂರು ಮೀಟರ್‌ಗಳಿಗೇ ಧ್ವನಿ ಕಡಿದುಹೋಗಬಹುದು.

ಶಕ್ತಿ ಹೆಚ್ಚಿಸಿದರೆ ದೂರವೂ ಅಷ್ಟೇ ಪಟ್ಟು ಹೆಚ್ಚುವುದೆಂಬ ನಂಬಿಕೆಯೂ ಸರಿಯಲ್ಲ. ಅಡೆತಡೆಯಿಲ್ಲದ ಜಾಗದಲ್ಲಿ ಶಕ್ತಿಯನ್ನು 10 ಪಟ್ಟು ಮಾಡಿದರೆ ದೂರ ಹೆಚ್ಚುವುದು ಸುಮಾರು 3 ಪಟ್ಟು. ಮರಗಳ ನಡುವೆ ಅದಕ್ಕಿಂತಲೂ ಕಡಿಮೆ. ಕಾನೂನುಬಾಹಿರವಾದ 5 ವ್ಯಾಟ್ ಸೆಟ್ ಕೊಂಡವರು ಎದುರಿಸುವ ಅಪಾಯಕ್ಕೆ ಹೋಲಿಸಿದರೆ ದೊರೆಯುವ ಲಾಭ ಅಲ್ಪ. ಅದರ ಬದಲು ಮಧ್ಯದ ದಿಬ್ಬವೊಂದರ ಮೇಲೆ ಒಬ್ಬ ನಂಬಿಗಸ್ತನನ್ನು ನಿಲ್ಲಿಸಿ, ಮಾತನ್ನು ಅತ್ತಿಂದಿತ್ತ ದಾಟಿಸುವ ವ್ಯವಸ್ಥೆ ಮಾಡಿದರೆ ಒಂದು ಆಳಿನ ಕೂಲಿಯಲ್ಲಿ ವ್ಯಾಪ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೆಲಸ ಆರಂಭಿಸುವ ಮುನ್ನ ಇಬ್ಬರು ಸೆಟ್ ಹಿಡಿದು ತೋಪಿನ ಉದ್ದಗಲಕ್ಕೆ ನಡೆದು, ಧ್ವನಿ ಎಲ್ಲಿ ಕಡಿಯುತ್ತದೆ ಎಂಬುದನ್ನು ಗುರುತಿಸಿ, ಆ ಗಡಿಯೊಳಗೆ ತಂಡಗಳನ್ನು ಹಂಚುವುದು ಅತ್ಯಾವಶ್ಯಕ.

ಬಳಕೆಯ ಶಿಸ್ತು

ಮರ ಕಡಿಯುವ ಸ್ಥಳದಲ್ಲಿ ವಾಕಿಟಾಕಿಯ ಮುಖ್ಯ ಪ್ರಯೋಜನ ಜೀವರಕ್ಷಣೆ. ಸಾಗಣೆಯ ಅನುಕೂಲ ಅದರ ನಂತರದ್ದು. ಬೀಳುವ ಮರದ ಎತ್ತರದ ಎರಡರಷ್ಟು ದೂರದೊಳಗೆ ಕಡಿಯುವವರ ಹೊರತು ಬೇರೆ ಯಾರೂ ಇರಬಾರದೆಂಬುದು ಜಗತ್ತಿನ ಅನೇಕ ದೇಶಗಳಲ್ಲಿ ಪಾಲಿಸುವ ನಿಯಮ. ಯಂತ್ರಗರಗಸದ ಸದ್ದಿನಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಗರಗಸ ನಡೆಯುವಾಗ ಸೆಟ್‌ನ ಧ್ವನಿಯೂ ಕೇಳಿಸದು. ಆದ್ದರಿಂದ ಕಡಿಯುವಾತನ ಸಮೀಪ, ಸುರಕ್ಷಿತ ಅಂತರದಲ್ಲಿ, ಸೆಟ್ ಹಿಡಿದ ಕಾವಲಿನ ಆಳೊಬ್ಬ ಇರಬೇಕು. ಕೊನೆಯ ಕೊಯ್ತಕ್ಕೆ ಮುನ್ನ ಆತ ಎಲ್ಲ ತಂಡಗಳನ್ನೂ ಹೆಸರು ಹಿಡಿದು ಕರೆದು, ಪ್ರತಿಯೊಂದು ತಂಡದಿಂದಲೂ ಮರುನುಡಿ ಬಂದ ಮೇಲೆಯೇ ಗರಗಸಕ್ಕೆ ಸನ್ನೆ ಮಾಡಬೇಕು. ಮರುನುಡಿ ಬಾರದಿದ್ದರೆ ಕೆಲಸ ನಿಲ್ಲಬೇಕು. ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ಪ್ರಾಣಕ್ಕೆ ಎರವಾಗಬಲ್ಲದು.

ಸೆಟ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಲು ಸಾಧ್ಯ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತನಾಡದಿದ್ದರೆ ಮೊದಲ ಪದ ಕಡಿದುಹೋಗುತ್ತದೆ. 'ನಿಲ್ಲಿಸಬೇಡಿ' ಎಂಬ ಮಾತಿನ ಕೊನೆ ಕಡಿದುಹೋದರೆ 'ನಿಲ್ಲಿಸಿ' ಎಂದು ಕೇಳಿಸಬಹುದು. ಇದಕ್ಕೆ ತದ್ವಿರುದ್ಧವಾದ ಗೊಂದಲವೂ ಸಂಭವಿಸಬಹುದು. ಆದುದರಿಂದ ನಿಲ್ಲಿಸಲು ಒಂದು ಪದ, ಮುಂದುವರಿಸಲು ಅದಕ್ಕೆ ಹೋಲದ ಇನ್ನೊಂದು ಪದವನ್ನು ಮೊದಲೇ ಗೊತ್ತುಮಾಡಿ, ಎಲ್ಲ ಕೆಲಸಗಾರರಿಗೂ ರೂಢಿ ಮಾಡಿಸಬೇಕು. ಆನೆಗಳು ಓಡಾಡುವ ಹಳಿಯಾಳ, ಕಲಘಟಗಿ ಭಾಗಗಳಲ್ಲಿ ಅವುಗಳ ಇರುವಿಕೆಯನ್ನು ತಿಳಿಸಲು ಪ್ರತ್ಯೇಕ ಪದವಿರುವುದು ಲೇಸು.

ಅಪಘಾತ ಸಂಭವಿಸಿದರೆ ವಾಕಿಟಾಕಿಯಿಂದ 108 ಅಥವಾ 112ಕ್ಕೆ ಕರೆ ಹೋಗುವುದಿಲ್ಲ. ಮೊಬೈಲ್ ಸಂಪರ್ಕ ದೊರೆಯುವ ರಸ್ತೆಬದಿಯಲ್ಲಿ, ಅಂದರೆ ಲಾರಿ ನಿಲ್ಲುವ ಸ್ಥಳದಲ್ಲಿ, ಒಂದು ಸೆಟ್ ಮತ್ತು ಒಂದು ಮೊಬೈಲ್ ಇಟ್ಟುಕೊಂಡ ವ್ಯಕ್ತಿ ದಿನವಿಡೀ ಇರುವಂತೆ ನೋಡಿಕೊಳ್ಳಬೇಕು. ಪ್ರತಿ ಸೆಟ್‌ಗೂ ಒಂದು ಹೆಚ್ಚುವರಿ ಬ್ಯಾಟರಿ ಇರಲಿ. ಮಳೆಗಾಲದ ಕೆಲಸಕ್ಕೆ ಐಪಿ 67 ದರ್ಜೆಯ ಸೆಟ್ ಉತ್ತಮ. ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದೆಂದು ಪರೀಕ್ಷೆಗೊಳಪಟ್ಟ ದರ್ಜೆ.

ವ್ಯಾಪಾರಸ್ಥರು ಮರೆಯಬಾರದ ಇನ್ನೊಂದು ಸಂಗತಿಯೆಂದರೆ, ಈ ಚಾನೆಲ್‌ಗಳು ಗುಟ್ಟಿನವಲ್ಲ. 'ಪ್ರೈವಸಿ ಕೋಡ್' ಎಂಬ ಸೌಲಭ್ಯವು ಬೇರೆಯವರ ಮಾತು ನಮಗೆ ಕೇಳಿಸದಂತೆ ತಡೆಯುತ್ತದೆಯೇ ವಿನಾ ನಮ್ಮ ಮಾತನ್ನು ಬೇರೆಯವರಿಂದ ಮರೆಮಾಡುವುದಿಲ್ಲ. ದಿಮ್ಮಿಗಳ ದರ, ಹರಾಜಿನ ಬೇಡಿಕೆ, ಹಣ ಸಾಗಿಸುವ ಸಮಯ ಇತ್ಯಾದಿಗಳನ್ನು ಅದರಲ್ಲಿ ಆಡುವುದು ತರವಲ್ಲ.

ತೆರಿಗೆ ಮತ್ತು ಲೆಕ್ಕ

ಸಾಮಾನ್ಯ ಖರೀದಿದಾರರಿಗೆ ವಾಕಿಟಾಕಿಯ ಮೇಲಿನ ಜಿಎಸ್‌ಟಿ ದರ ಶೇಕಡಾ 18. ರಕ್ಷಣಾ ಪಡೆ, ಪೊಲೀಸ್ ಮೊದಲಾದವುಗಳ ಬಳಕೆಗೆ ಇರುವ ಕಡಿಮೆ ದರ ಖಾಸಗಿ ವ್ಯಾಪಾರಿಗಳಿಗೆ ಅನ್ವಯಿಸದು.

ಉದಾಹರಣೆಗೆ, ಒಬ್ಬ ಗುತ್ತಿಗೆದಾರರು ತಲಾ 4,000 ರೂಪಾಯಿಯ 6 ಸೆಟ್‌ಗಳನ್ನು ಕೊಂಡರೆಂದು ಭಾವಿಸೋಣ. ಬೆಲೆ 24,000 ರೂಪಾಯಿ, ತೆರಿಗೆ 4,320 ರೂಪಾಯಿ, ಒಟ್ಟು 28,320 ರೂಪಾಯಿ. ಅವರ ವ್ಯವಹಾರವೆಲ್ಲ ತೆರಿಗೆಗೊಳಪಟ್ಟ ನಾಟಾ ಮಾರಾಟವೇ ಆಗಿದ್ದರೆ 4,320 ರೂಪಾಯಿಯ ಹೂಡುವಳಿ ತೆರಿಗೆ ಜಮೆಯನ್ನು ಪೂರ್ತಿ ಪಡೆಯಬಹುದು. ಉರುವಲು ಕಟ್ಟಿಗೆಗಾದರೋ ಜಿಎಸ್‌ಟಿ ವಿನಾಯಿತಿ ಇದೆ. ವಹಿವಾಟಿನ ಕಾಲು ಭಾಗ ಉರುವಲಿನದಾಗಿದ್ದರೆ ಜಮೆಯ ಅಷ್ಟು ಭಾಗವನ್ನು ಹಿಂದಿರುಗಿಸಬೇಕಾಗುತ್ತದೆ. ಬಂಡವಾಳ ಸರಕಿನ ಆಯುಷ್ಯವನ್ನು 60 ತಿಂಗಳೆಂದು ಹಿಡಿದು ಲೆಕ್ಕ ಹಾಕುವುದರಿಂದ, ತಿಂಗಳಿಗೆ 72 ರೂಪಾಯಿಯಲ್ಲಿ ಕಾಲು ಭಾಗ, ಅಂದರೆ 18 ರೂಪಾಯಿ ಹಿಂದಕ್ಕೆ ಹೋಗುತ್ತದೆ. ಇದೇ ಪ್ರಮಾಣ ಮುಂದುವರಿದರೆ ಐದು ವರ್ಷಗಳಲ್ಲಿ 1,080 ರೂಪಾಯಿ. ಮೊತ್ತ ಸಣ್ಣದಾದರೂ ಪರಿಶೀಲನೆಯಲ್ಲಿ ಪ್ರಶ್ನೆ ಬರುವುದು ಇಂತಹ ಬಾಬುಗಳಲ್ಲಿಯೇ.

ಆದಾಯ ತೆರಿಗೆಯಲ್ಲಿ ಸೆಟ್‌ಗಳನ್ನು ಯಂತ್ರೋಪಕರಣವೆಂದು ಪರಿಗಣಿಸಿ ಶೇಕಡಾ 15ರ ಸವಕಳಿ ಪಡೆಯಬಹುದು. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ 3,600 ರೂಪಾಯಿ. ಆ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಿದ್ದರೆ 1,800 ರೂಪಾಯಿ. ತೆರಿಗೆಯ ಭಾಗದ ಮೇಲೆ ಸವಕಳಿ ಪಡೆದರೆ ಅದೇ ಭಾಗಕ್ಕೆ ಜಮೆ ದೊರೆಯುವುದಿಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟು ಕೊಂಡ ಆಸ್ತಿಯ ಆ ವೆಚ್ಚ ಸವಕಳಿಯ ಲೆಕ್ಕಕ್ಕೆ ಬಾರದು. ಹಣವನ್ನು ಬ್ಯಾಂಕಿನ ಮೂಲಕವೇ ಪಾವತಿಸಬೇಕು. ಬಿಲ್ಲಿಲ್ಲದ ಅಕ್ರಮ ಸೆಟ್‌ಗೆ ಜಮೆಯೂ ಇಲ್ಲ, ಸವಕಳಿಗೆ ಆಧಾರವೂ ಇಲ್ಲ. ಜೊತೆಗೆ ಜಪ್ತಿಯ ಭಯ ಬೇರೆ. ಅಗ್ಗವೆಂದು ತಂದದ್ದು ಎಲ್ಲಕ್ಕಿಂತ ದುಬಾರಿಯಾಗುವುದು ಹೀಗೆ.

ಕೆಲಸದ ವೇಳೆ ಕಾರ್ಮಿಕನಿಗೆ ಅಪಾಯವಾದರೆ ಪರಿಹಾರ ನೀಡುವ ಹೊಣೆ 1923ರ ಕಾಯ್ದೆಯ ಕಾಲದಿಂದಲೂ ಮಾಲೀಕನ ಮೇಲಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಆ ಹೊಣೆಯ ಮುಂದೆ 28,320 ರೂಪಾಯಿ ದೊಡ್ಡ ಮೊತ್ತವಲ್ಲ. ಮುಗದದಿಂದಾಚೆಗೆ ಒಂದೆರಡು ಹಂಗಾಮಿನ ಕಟಾವು ಹಿಡಿಯುವ ಸಣ್ಣ ಗುತ್ತಿಗೆದಾರರಿಗೆ ಇಟಿಎ ಇರುವ 446ರ ಪಟ್ಟಿಯ ಸೆಟ್‌ಗಳು ಸಾಕು. ಅವುಗಳ ವ್ಯಾಪ್ತಿಗೆ ತಕ್ಕಂತೆ ಕೆಲಸವನ್ನು ಹೊಂದಿಸಿಕೊಳ್ಳಬೇಕು. ಹೆಚ್ಚಿನ ದೂರ ಅನಿವಾರ್ಯವಾದವರು ಪರವಾನಗಿಗೆ ಅರ್ಜಿ ಸಲ್ಲಿಸಲಿ. ಮುಂದಿನ ಹಂಗಾಮಿಗೆ ಮುನ್ನ ಪ್ರತಿಯೊಬ್ಬ ಮಾಲೀಕರೂ ತಮ್ಮಲ್ಲಿರುವ ಸೆಟ್‌ಗಳ ಆವರ್ತನ, ಇಟಿಎ ಮತ್ತು ಬಿಲ್ಲುಗಳನ್ನು ಒಮ್ಮೆ ತಾಳೆ ನೋಡಿ, ಮೂರರಲ್ಲಿ ಯಾವುದು ಇಲ್ಲದಿದ್ದರೂ ಆ ಸೆಟ್ಟನ್ನು ಬಳಕೆಯಿಂದ ಹೊರಗಿಡುವುದು ಉಚಿತ.