ಮೂವತ್ತಾರನೆಯ ಕೋಣೆ ಎಂಬ ಬೆರಗು

ಊಟದ ಮನೆಯ ಬಾಗಿಲ ಮುಂದೆ ಒಂದು ಕೊಳ. ಕೊಳದ ನಡುವೆ ಮರದ ದಿಮ್ಮಿಗಳ ಕಟ್ಟೊಂದು ತೇಲುತ್ತಿದೆ. ಬೋಳುತಲೆಯ ಭಿಕ್ಷುಗಳು ಒಬ್ಬರ ಹಿಂದೊಬ್ಬರು ಬಂದು, ಆ ಕಟ್ಟಿನ ಮೇಲೆ ಹಗುರವಾಗಿ ಕಾಲೂರಿ, ಆಚೆ ದಡಕ್ಕೆ ಹಾರಿ, ಏನೂ ಆಗಿಲ್ಲವೆಂಬಂತೆ ಊಟಕ್ಕೆ ಕೂರುತ್ತಾರೆ. ಹೊಸದಾಗಿ ಬಂದ ಹುಡುಗನೂ ಹಾರುತ್ತಾನೆ. ಕಟ್ಟು ಅವನ ಕಾಲಡಿಯಲ್ಲಿ ತಿರುಗಿಬಿಡುತ್ತದೆ, ಹುಡುಗ ದುಡುಂ ಎಂದು ನೀರಿಗೆ. ನೀರಿಗೆ ಬಿದ್ದವನಿಗೆ ಅನ್ನವಿಲ್ಲ. ಮಾರನೆಯ ದಿನ ಮತ್ತೆ ಹಾರುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಉಪವಾಸ.

ಕುಂಗ್ ಫೂ ಸಿನಿಮಾವೊಂದರಲ್ಲಿ ನಾಯಕನ ಮೊದಲ ಪಾಠ ಇದು ಎಂದರೆ ನಂಬುತ್ತೀರಾ? ಗುದ್ದಿಲ್ಲ, ಒದೆತವಿಲ್ಲ, ವೈರಿಯೇ ಇಲ್ಲ. ಮೈ ನೆನೆಸಿಕೊಳ್ಳದೆ ಊಟಕ್ಕೆ ಹೋಗುವುದನ್ನು ಕಲಿಯಬೇಕು, ಅಷ್ಟೇ!

ಚಿತ್ರದ ಹೆಸರು ‘ದ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’. 1978ರಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸ್ಟುಡಿಯೊ ತಯಾರಿಸಿದ್ದು. ನಿರ್ದೇಶಕ ಲಾವ್ ಕಾರ್-ಲಿಯಂಗ್, ನಾಯಕ ಗಾರ್ಡನ್ ಲಿಯು. ಹೊಡೆದಾಟದ ಸಿನಿಮಾಗಳಲ್ಲಿ ಕಲಿಕೆಗೆ ಎಷ್ಟು ಹೊತ್ತು ಕೊಡುತ್ತಾರೆಂದು ನಮಗೆಲ್ಲ ಗೊತ್ತು. ಒಂದು ಹಾಡು. ಹಾಡಿನ ಮೊದಲ ಚರಣದಲ್ಲಿ ನಾಯಕ ಏದುಸಿರು ಬಿಡುತ್ತಾನೆ, ಕೊನೆಯ ಚರಣ ಬರುವಷ್ಟರಲ್ಲಿ ಇಟ್ಟಿಗೆ ಒಡೆಯುತ್ತಾನೆ. ಇಲ್ಲಿ ಹಾಗಲ್ಲ. ಎರಡು ಗಂಟೆಗೆ ಸ್ವಲ್ಪ ಕಡಿಮೆ ಇರುವ ಈ ಚಿತ್ರದ ದೊಡ್ಡ ನಡುಭಾಗವನ್ನೆಲ್ಲ ಒಬ್ಬ ಹುಡುಗ ಕಲಿಯುವುದೇ ತುಂಬಿಕೊಂಡಿದೆ. ಸೇಡಿನ ಕಥೆ ಮುಂದೊಂದು ಚೂರು, ಹಿಂದೊಂದು ಚೂರು. ಆದರೂ ಕಣ್ಣು ಮಿಟುಕಿಸಲು ಮನಸ್ಸಾಗುವುದಿಲ್ಲ!

ಕಥೆ ಸರಳ. ಮಂಚು ಅರಸರ ಆಳ್ವಿಕೆಯ ಕಾಲದ ಕ್ಯಾಂಟನ್ ಊರು. ಲಿಯು ಯುಡೆ ಎಂಬ ವಿದ್ಯಾರ್ಥಿ ತನ್ನ ಮೇಷ್ಟರ ಜೊತೆ ಬಂಡಾಯಗಾರರಿಗೆ ನೆರವಾಗುತ್ತಾನೆ. ಸೇನಾಪತಿ ಟಿಯೆನ್ ತಾ ಅದನ್ನು ಪತ್ತೆಹಚ್ಚಿ ಎಲ್ಲರನ್ನೂ ತರಿದುಹಾಕುತ್ತಾನೆ. ಮೀನಿನ ವ್ಯಾಪಾರಿಯಾದ ತಂದೆಯೂ ಉಳಿಯುವುದಿಲ್ಲ. ಗಾಯಗೊಂಡ ಹುಡುಗ ಅಡಗಿಕೊಂಡು ಶಾವೊಲಿನ್ ಮಠ ಸೇರುತ್ತಾನೆ. ಮಠದವರು ಅವನ ತಲೆ ಬೋಳಿಸಿ ಸಾನ್ ತೆ ಎಂದು ಹೆಸರಿಟ್ಟು ಕೈಗೆ ಪೊರಕೆ ಕೊಡುತ್ತಾರೆ. ಒಂದು ವರ್ಷ ಬರೀ ಕಸ ಗುಡಿಸುವುದು. ನಮ್ಮ ಗರಡಿಮನೆಗಳಲ್ಲಿ ಹೊಸ ಹುಡುಗನಿಗೆ ಪಟ್ಟು ಹೇಳಿಕೊಡುವ ಮೊದಲು ಅಖಾಡದ ಮಣ್ಣು ಹದಮಾಡಲು ಹಚ್ಚುತ್ತಾರಲ್ಲ, ಹಾಗೆ.

ಮಠದಲ್ಲಿ ಮೂವತ್ತೈದು ಕೋಣೆಗಳು. ಒಂದೊಂದರಲ್ಲಿ ಒಂದೊಂದು ವಿದ್ಯೆ. ಎಲ್ಲಿಂದ ಶುರು ಮಾಡುತ್ತೀ ಎಂದು ಕೇಳಿದರೆ ಹುಡುಗನ ಬಿಸಿರಕ್ತ ಎಲ್ಲಕ್ಕಿಂತ ಮೇಲಿನ ಕೋಣೆಯನ್ನೇ ಆರಿಸುತ್ತದೆ. ಅಲ್ಲಿ ಯಾರೂ ಹೊಡೆದಾಡುತ್ತಿಲ್ಲ. ವೃದ್ಧ ಭಿಕ್ಷುಗಳು ಕೂತು ಸೂತ್ರ ಪಠಿಸುತ್ತಿದ್ದಾರೆ. ಕಣ್ಣೆತ್ತಿಯೂ ನೋಡದೆ ಅವನನ್ನು ಹೊರಗೆ ಎಸೆಯುತ್ತಾರೆ. ಅಲ್ಲಿಂದ ನೇರವಾಗಿ ಎಲ್ಲಕ್ಕಿಂತ ಕೆಳಗಿನ ಕೋಣೆಗೆ, ಅಂದರೆ ಆ ಕೊಳಕ್ಕೆ!

ಮುಂದಿನ ಕೋಣೆಗಳನ್ನು ನೋಡುವಾಗ ನಮ್ಮ ಮೈಯೇ ನೋಯತೊಡಗುತ್ತದೆ. ಎರಡು ಕೈಯನ್ನೂ ಅಗಲಕ್ಕೆ ಚಾಚಿ ನೀರಿನ ಬಕೆಟ್ ಹೊರಬೇಕು. ತೋಳುಗಳ ಅಡಿಗೆ ಚೂರಿ ಕಟ್ಟಿದ್ದಾರೆ, ಕೈ ಕೆಳಗಿಳಿದರೆ ಮೊನೆ ಪಕ್ಕೆಗೆ ಚುಚ್ಚುತ್ತದೆ. ಇನ್ನೊಂದು ಕೋಣೆಯಲ್ಲಿ ತುದಿಗೆ ಭಾರ ಕಟ್ಟಿದ ಉದ್ದನೆಯ ಗಳು ಹಿಡಿದು, ಗುರು ಹಾಕುವ ತಾಳಕ್ಕೆ ಸರಿಯಾಗಿ ಗಂಟೆ ಬಾರಿಸಬೇಕು. ಪೂರ್ತಿ ಮಣಿಕಟ್ಟಿನ ಕೆಲಸ ಅದು. ಹುಡುಗನ ಮುಖ ನೋಡಿ, ನಡುಕ ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ ಹತ್ತುವುದು ಗೊತ್ತಾಗುತ್ತದೆ. ಮತ್ತೊಂದು ಕೋಣೆಯಲ್ಲಿ ಕೆನ್ನೆಗಳ ಎರಡೂ ಬದಿಗೆ ಉರಿಯುವ ದಪ್ಪ ಊದುಕಡ್ಡಿಗಳು. ಎದುರಿಗೆ ಅತ್ತಿಂದಿತ್ತ ತೂಗುವ ದೀಪ. ಕಣ್ಣುಗುಡ್ಡೆ ಮಾತ್ರ ದೀಪದ ಜೊತೆ ಓಡಬೇಕು. ಕತ್ತು ತಿರುಗಿತೋ, ಕೆನ್ನೆ ಸುಟ್ಟಿತು! ಆಮೇಲೆ ತೂಗುಬಿಟ್ಟ ಮರಳುಚೀಲಗಳ ಸಾಲು, ಅವನ್ನು ತಲೆಯಿಂದ ಗುದ್ದಿಕೊಂಡು ದಾಟಬೇಕು.

ಲಾವ್ ಇವುಗಳಲ್ಲಿ ಒಂದನ್ನೂ ಅವಸರದಲ್ಲಿ ಮುಗಿಸುವುದಿಲ್ಲ. ಸೋಲನ್ನು ಪೂರ್ತಿ ತೋರಿಸುತ್ತಾನೆ, ಗೆಲುವು ಹೇಗೆ ಬಂತೆಂಬುದನ್ನೂ ಪೂರ್ತಿ ತೋರಿಸುತ್ತಾನೆ. ಕೊಳದ ಹತ್ತಿರ ಹುಡುಗ ಒಬ್ಬನೇ ನಿಂತು ದಿಮ್ಮಿಯ ಕಟ್ಟನ್ನೇ ದಿಟ್ಟಿಸುವಾಗ, ಅವನ ತಲೆಯೊಳಗೆ ಏನು ನಡೆಯುತ್ತಿದೆಯೆಂದು ನಾವೂ ಲೆಕ್ಕ ಹಾಕತೊಡಗುತ್ತೇವೆ. ಮೈಭಾರ ಎಲ್ಲಿ ಬೀಳಬೇಕು? ಕಾಲು ಎಷ್ಟು ಹೊತ್ತು ತಾಗಬೇಕು? ಅವನು ದಾಟಿದ ದಿನ ನಾವೂ ಅವನ ಜೊತೆ ಒಂದು ಉಸಿರು ಬಿಡುತ್ತೇವೆ.

ಇಷ್ಟು ನಿಖರವಾಗಿ ಕಲಿಕೆಯನ್ನು ಚಿತ್ರಿಸಿದ ಈ ಮನುಷ್ಯ ಯಾರು ಎಂದು ಹುಡುಕಲು ಹೊರಟರೆ ಸಿನಿಮಾಕ್ಕಿಂತ ದೊಡ್ಡ ಸೋಜಿಗ ಎದುರಾಗುತ್ತದೆ.

ದಕ್ಷಿಣ ಚೀನಾದಲ್ಲಿ ವಾಂಗ್ ಫೆ-ಹುಂಗ್ ಎಂಬ ವೈದ್ಯನಿದ್ದ. ಹುಂಗ್ ಗರ್ ಎಂಬ ಕುಂಗ್ ಫೂ ಪದ್ಧತಿಯ ಮಹಾಗುರು. ಇಂದಿಗೂ ಅಲ್ಲಿನವರಿಗೆ ಜನಪದ ವೀರ. ಅವನ ಶಿಷ್ಯ ಲಾಮ್ ಸಾಯ್-ವಿಂಗ್, ಹಂದಿಮಾಂಸದ ಕಸುಬಿನಿಂದ ಬಂದವನು. ಲಾಮ್‌ನ ಶಿಷ್ಯ ಲಾವ್ ಚಾಮ್. ಲಾವ್ ಚಾಮ್‌ನ ಮಗನೇ ನಮ್ಮ ನಿರ್ದೇಶಕ ಲಾವ್ ಕಾರ್-ಲಿಯಂಗ್! ದಂತಕಥೆಯ ಆ ವೈದ್ಯನಿಂದ ಕ್ಯಾಮೆರಾದ ಹಿಂದೆ ನಿಂತ ಈ ಮನುಷ್ಯನವರೆಗೆ ವಿದ್ಯೆ ಕೈಯಿಂದ ಕೈಗೆ ಬಂದಿದೆ, ನಡುವೆ ಎಲ್ಲೂ ಕಡಿದಿಲ್ಲ. ಬೇರೆಯವರು ಶಾವೊಲಿನ್ ಕಥೆಗಳನ್ನು ಪುಸ್ತಕದಲ್ಲಿ ಓದಿ ಸಿನಿಮಾ ಮಾಡಿದರು. ಇವನು ಅಪ್ಪನ ಕೈಯಲ್ಲಿ ಬಾಲ್ಯದಲ್ಲೇ ಪಳಗಿ ಆಮೇಲೆ ಮಾಡಿದ.

1949ರಿಂದ ಹಾಂಗ್‌ಕಾಂಗ್‌ನಲ್ಲಿ ವಾಂಗ್ ಫೆ-ಹುಂಗ್‌ನ ಮೇಲೆ ಸಾಲುಸಾಲು ಕಪ್ಪುಬಿಳುಪು ಚಿತ್ರಗಳು ಬಂದವು. ಕ್ವಾನ್ ತಾಕ್-ಹಿಂಗ್ ಎಂಬ ನಟ ಅವನ ಪಾತ್ರವನ್ನು ಎಪ್ಪತ್ತಕ್ಕೂ ಹೆಚ್ಚು ಬಾರಿ ಮಾಡಿದ. ಆ ಚಿತ್ರಗಳಲ್ಲಿ ಲಾವ್ ಚಾಮ್ ಕೂಡ ನಟಿಸಿದ, ಕೆಲವುಗಳಲ್ಲಿ ತನ್ನ ಸ್ವಂತ ಗುರು ಲಾಮ್ ಸಾಯ್-ವಿಂಗ್‌ನ ಪಾತ್ರದಲ್ಲಿ! ಮಗ ಅದೇ ಸೆಟ್ಟುಗಳಲ್ಲಿ ಬೀಳುವ, ಏಳುವ, ಒದೆ ತಿನ್ನುವ ಚಿಕ್ಕ ಪಾತ್ರಗಳಿಂದ ಶುರು ಮಾಡಿದ. ಮುಂದೆ ಶಾ ಬ್ರದರ್ಸ್‌ಗೆ ಬಂದು ಟಾಂಗ್ ಗಾಯ್ ಎಂಬ ಜೊತೆಗಾರನೊಂದಿಗೆ ವರ್ಷಗಟ್ಟಲೆ ಚಾಂಗ್ ಚೆ ಎಂಬ ದೊಡ್ಡ ನಿರ್ದೇಶಕನ ಚಿತ್ರಗಳಿಗೆ ಸಾಹಸ ಸಂಯೋಜಿಸಿದ. 1975ರಲ್ಲಿ ಮೊದಲ ಸಲ ತಾನೇ ನಿರ್ದೇಶಕನಾದ. ಕಸ ಗುಡಿಸುವುದರಿಂದ ಮೇಲಿನ ಕೋಣೆಯವರೆಗೆ ಹತ್ತಿದ ಹಾದಿ ಅವನದೂ ಹೌದು.

ಇನ್ನು ಗಾರ್ಡನ್ ಲಿಯು. ಅವನು ಹುಟ್ಟಿನಿಂದ ಲಾವ್ ಮನೆತನದವನಲ್ಲ, ಅವನ ಅಡ್ಡಹೆಸರೇ ಬೇರೆ. ಲಾವ್ ಚಾಮ್ ಬಳಿ ಕುಂಗ್ ಫೂ ಕಲಿಯಲು ಬಂದ ಹುಡುಗನನ್ನು ಗುರು ಮಗನಂತೆ ಕಂಡ. ಹುಡುಗ ಗುರುವಿನ ಮನೆತನದ ಹೆಸರನ್ನೇ ತನ್ನದಾಗಿಸಿಕೊಂಡು ಲಾವ್ ಕಾರ್-ಫಾಯ್ ಆದ. ಕಾರ್-ಲಿಯಂಗ್, ಕಾರ್-ವಿಂಗ್ ಸಹೋದರರ ಸಾಲಿಗೆ ಸೇರಿದ ಇನ್ನೊಬ್ಬ ತಮ್ಮ. ಅಂದರೆ ಈ ಚಿತ್ರದಲ್ಲಿ ಗುರುಕುಲಕ್ಕೆ ಸೇರಿ, ಹಳೆಯ ಹೆಸರು ಬಿಟ್ಟು ಹೊಸ ಹೆಸರು ಪಡೆಯುವ ಹುಡುಗನ ಪಾತ್ರ ಮಾಡಿದವನು ತನ್ನ ನಿಜಜೀವನದಲ್ಲೂ ಅದನ್ನೇ ಮಾಡಿದ್ದ! ಇದಕ್ಕೆ ಎರಡು ವರ್ಷ ಮೊದಲು, 1976ರ ‘ಚಾಲೆಂಜ್ ಆಫ್ ದ ಮಾಸ್ಟರ್ಸ್’ ಚಿತ್ರದಲ್ಲಿ, ಅಣ್ಣ ಅವನಿಗೆ ಕೊಟ್ಟ ಪಾತ್ರ ಯಾವುದು ಗೊತ್ತೆ? ಯುವಕ ವಾಂಗ್ ಫೆ-ಹುಂಗ್. ತಮ್ಮ ಪರಂಪರೆಯ ಮೂಲಪುರುಷ. ಅದರಲ್ಲಿ ಖಳನಾಗಿ ಅಣ್ಣನೇ ಎದುರು ನಿಂತ.

ಹೀಗಾಗಿ ಸಾನ್ ತೆಯ ತೋಳು ನಡುಗುವಾಗ, ಆ ನಡುಕ ಎಷ್ಟು ಇರಬೇಕೆಂದು ನಟನಿಗೂ ಗೊತ್ತಿತ್ತು, ನಿರ್ದೇಶಕನಿಗೂ ಗೊತ್ತಿತ್ತು. ಅದಕ್ಕೇ ಲಾವ್‌ನ ಕ್ಯಾಮೆರಾ ದೂರ ನಿಲ್ಲುತ್ತದೆ. ಅಗಲ ತೆರೆಯಲ್ಲಿ ಇಬ್ಬರು ಕಾದಾಡುವವರೂ ತಲೆಯಿಂದ ಪಾದದವರೆಗೆ ಕಾಣುತ್ತಾರೆ, ಏಟಿನ ಹಿಂದೆ ಏಟು ಒಂದೇ ಶಾಟ್‌ನಲ್ಲಿ ಹರಿಯುತ್ತದೆ. ಶಿಸ್ತಿನ ಅಧಿಕಾರಿಯಾದ ಭಿಕ್ಷು ಜೋಡಿ ಕತ್ತಿ ಹಿಡಿದು ಸಾನ್ ತೆಯನ್ನು ಸೋಲಿಸುವ ದೃಶ್ಯ ನೋಡಿ. ಸೋತ ಹುಡುಗ ಬಿದಿರಿನ ನಡುವೆ ಯೋಚಿಸುತ್ತ ಹೊಸ ಆಯುಧವೊಂದನ್ನು ಕಂಡುಕೊಳ್ಳುತ್ತಾನೆ. ಸರಪಳಿಯಿಂದ ಜೋಡಿಸಿದ ಮೂರು ತುಂಡಿನ ಕೋಲು ಅದು. ಮುಂದಿನ ಕಾಳಗದಲ್ಲಿ ಆ ಕೋಲು ಕತ್ತಿಗಳನ್ನು ತಡೆಯುತ್ತದೆ, ಸುತ್ತಿಕೊಳ್ಳುತ್ತದೆ, ಕಟ್ಟಿಹಾಕುತ್ತದೆ. ಇದು ನನ್ನ ಮಟ್ಟಿಗೆ ಚಿತ್ರದ ಅತ್ಯುತ್ತಮ ಹೊಡೆದಾಟ. ಕೊನೆಯಲ್ಲಿ ಸೇನಾಪತಿಯೊಡನೆ ನಡೆಯುವ ಕಾಳಗಕ್ಕಿಂತಲೂ ಮಿಗಿಲು, ಏಕೆಂದರೆ ಇಲ್ಲಿ ಸೋತವನಿಗೂ ಸಂತೋಷವಾಗುತ್ತದೆ. ಲಾವ್‌ಗೆ ಸಾವಿನಲ್ಲಿ ಆಸಕ್ತಿ ಕಡಿಮೆ. ಅದೇ 1978ರಲ್ಲಿ ಅವನು ‘ಹೀರೋಸ್ ಆಫ್ ದ ಈಸ್ಟ್’ ಎಂಬ ಇನ್ನೊಂದು ಚಿತ್ರ ಮಾಡಿದ. ಅದರಲ್ಲಿ ಜಪಾನಿನ ಪಟುಗಳು ಒಬ್ಬೊಬ್ಬರಾಗಿ ಬಂದು ಗಾರ್ಡನ್ ಲಿಯು ಜೊತೆ ಸೆಣಸುತ್ತಾರೆ, ಒಬ್ಬನೂ ಸಾಯುವುದಿಲ್ಲ!

ಉಳಿದವರ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಚಿತ್ರಕಥೆ ನೀ ಕುವಾಂಗ್‌ನದು. ಶಾಂಘೈನಲ್ಲಿ ಹುಟ್ಟಿ, 1957ರಲ್ಲಿ ಚೀನಾದಿಂದ ತಪ್ಪಿಸಿಕೊಂಡು ಹಾಂಗ್‌ಕಾಂಗ್ ಸೇರಿ, ನೂರಾರು ಚಿತ್ರಕಥೆಗಳನ್ನೂ ರಾಶಿ ಕಾದಂಬರಿಗಳನ್ನೂ ಬರೆದವನು. ಅಧಿಕಾರದಿಂದ ಓಡಿಹೋಗುವ ಹುಡುಗನ ಕಥೆ ಬರೆದವನೂ ಹಾಗೆ ಓಡಿ ಬಂದವನೇ. ಖಳ ಟಿಯೆನ್ ತಾ ಆಗಿರುವ ಲೋ ಲೀ ಇಂಡೊನೇಷ್ಯಾದಲ್ಲಿ ಹುಟ್ಟಿದ ಚೀನೀ ನಟ. 1972ರ ‘ಕಿಂಗ್ ಬಾಕ್ಸರ್’ ಚಿತ್ರದ ನಾಯಕನೂ ಅವನೇ. ಬ್ರೂಸ್ ಲೀ ಅಲೆ ಏಳುವ ಹೊತ್ತಿಗೇ ಅಮೆರಿಕದ ಚಿತ್ರಮಂದಿರಗಳನ್ನು ತುಂಬಿಸಿದ ಚಿತ್ರ ಅದು.

ಅಂದಹಾಗೆ, ಈ ಶಾವೊಲಿನ್ ಮಠ ಶಾವೊಲಿನ್‌ನಲ್ಲಿ ಇಲ್ಲ. ಆಗ ಹಾಂಗ್‌ಕಾಂಗ್‌ನ ಸಿನಿಮಾದವರು ಚೀನಾದ ಒಳಗೆ ಹೋಗಿ ಹೀಗೆ ಚಿತ್ರೀಕರಿಸುವ ಕಾಲ ಇನ್ನೂ ಬಂದಿರಲಿಲ್ಲ. ಹಾಗಾಗಿ ಕ್ಲಿಯರ್‌ವಾಟರ್ ಬೇಯಲ್ಲಿದ್ದ ಶಾ ಸ್ಟುಡಿಯೊದ ಸೆಟ್ಟುಗಳೇ ಮಠವಾದವು. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನ ನೆನಪನ್ನು ಇಂದಿಗೂ ಪೂಜಿಸುವ ಆ ಮಠವನ್ನು ಬಣ್ಣ, ಹಲಗೆಗಳಲ್ಲಿ ಕಟ್ಟಿದರು. ಜೆಟ್ ಲೀಯ ‘ಶಾವೊಲಿನ್ ಟೆಂಪಲ್’ ನಿಜವಾದ ಮಠದಲ್ಲಿ ಚಿತ್ರೀಕರಣಗೊಂಡು ಬಂದದ್ದು 1982ರಲ್ಲಿ. ಅದರ ಬೆನ್ನಿಗೆ, 1986ರಲ್ಲಿ, ಲಾವ್ ಕೂಡ ಚೀನಾಕ್ಕೆ ಹೋಗಿ ಅದೇ ಜೆಟ್ ಲೀಯನ್ನು ನಿರ್ದೇಶಿಸಿದ.

ಮೂವತ್ತೈದು ಕೋಣೆಗಳಿದ್ದ ಮಠದಲ್ಲಿ ಮೂವತ್ತಾರನೆಯದು ಎಲ್ಲಿಂದ ಬಂತು? ಎಲ್ಲ ಕೋಣೆಗಳನ್ನೂ ದಾಟಿದ ಸಾನ್ ತೆಗೆ ಯಾವ ಕೋಣೆಯ ಮುಖ್ಯಸ್ಥನಾಗುತ್ತೀ, ಆರಿಸಿಕೋ ಎನ್ನುತ್ತಾರೆ. ಅವನು ಹೊಸ ಕೋಣೆಯೊಂದನ್ನು ಕೇಳುತ್ತಾನೆ. ಗೋಡೆಯಾಚೆಯ ಸಾಮಾನ್ಯ ಜನಕ್ಕೆ, ದುಡಿಯುವವರಿಗೆ, ಬೀದಿಯವರಿಗೆ ವಿದ್ಯೆ ಕಲಿಸುವ ಕೋಣೆ. ಮಠದ ಗುಟ್ಟನ್ನು ಹೊರಗೆ ಹಂಚುವುದೇ? ಶಿಕ್ಷೆಯಾಗಿ ಅವನನ್ನು ಹೊರಗೆ ಕಳಿಸುತ್ತಾರೆ. ಕೇಳಿದ್ದು ಸಿಗುವುದೂ ಆ ಶಿಕ್ಷೆಯ ಮೂಲಕವೇ! ಈ ತಿರುವು ಬಂದಾಗ ನಾನು ಎದ್ದು ನಿಂತುಬಿಟ್ಟೆ. ಸೇಡಿಗಾಗಿ ಒಳಗೆ ಬಂದ ಹುಡುಗ ಮೇಷ್ಟರಾಗಿ ಹೊರಗೆ ಹೋಗುತ್ತಾನೆ. ಪ್ರಾಯಕ್ಕೆ ಬರುವುದೆಂದರೆ ಇದೇ ಎಂದು ಚಿತ್ರ ತಿಳಿದಿದೆ.

ಆ ಕೋಣೆಯ ಬಾಗಿಲು ನಿಜಕ್ಕೂ ಎಷ್ಟು ದೂರ ತೆರೆಯಿತೆಂದು ಕೇಳಿ. ‘ಮಾಸ್ಟರ್ ಕಿಲ್ಲರ್’ ಎಂಬ ಹೆಸರಲ್ಲಿ ಚಿತ್ರ ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕ್‌ನ ಬಡ ಬಡಾವಣೆಗಳ ಆಫ್ರಿಕನ್ ಅಮೆರಿಕನ್ ಹುಡುಗರು ಇಂಥ ಕುಂಗ್ ಫೂ ಚಿತ್ರಗಳನ್ನು ಮುಗಿಬಿದ್ದು ನೋಡಿದರು. ಅವರಲ್ಲಿ ಒಬ್ಬ ರಿಜಾ. ಸ್ಟೇಟನ್ ಐಲೆಂಡ್‌ನ ಗೆಳೆಯರೊಡನೆ ಅವನು ಕಟ್ಟಿದ ರ‍್ಯಾಪ್ ತಂಡ ವು-ಟ್ಯಾಂಗ್ ಕ್ಲ್ಯಾನ್. 1993ರಲ್ಲಿ ಬಂದ ಅವರ ಮೊದಲ ಆಲ್ಬಂನ ಹೆಸರಿನಲ್ಲೇ ‘36 ಚೇಂಬರ್ಸ್’ ಇದೆ! ಮುಂದೆ ಅದೇ ರಿಜಾ ಈ ಚಿತ್ರ ತೆರೆಯ ಮೇಲೆ ಓಡುತ್ತಿರುವಾಗಲೇ ವೇದಿಕೆಯಿಂದ ಹೊಸ ಸಂಗೀತ ಕೊಟ್ಟ. 2012ರಲ್ಲಿ ತಾನೇ ಕುಂಗ್ ಫೂ ಸಿನಿಮಾ ನಿರ್ದೇಶಿಸಿ, ಮಠಾಧಿಪತಿಯ ಪಾತ್ರಕ್ಕೆ ಗಾರ್ಡನ್ ಲಿಯುವನ್ನೇ ಕರೆತಂದ.

ಕ್ವೆಂಟಿನ್ ಟ್ಯಾರಂಟಿನೊನ ‘ಕಿಲ್ ಬಿಲ್’ ಎರಡನೆಯ ಭಾಗ, 2004ರದು, ನೋಡಿದವರಿಗೆ ಬಿಳಿಗಡ್ಡ ನೇವರಿಸುವ ಕಠೋರ ಗುರು ಪೈ ಮೇ ನೆನಪಿರಬೇಕು. ಅವನೇ ಗಾರ್ಡನ್ ಲಿಯು! 1977ರಲ್ಲಿ ಲಾವ್ ನಿರ್ದೇಶಿಸಿದ ಚಿತ್ರದಲ್ಲಿ ಪೈ ಮೇ ಪಾತ್ರ ಮಾಡಿದ್ದು ಲೋ ಲೀ. ಸಾನ್ ತೆ ಎಂಬ ಶಿಷ್ಯನಾಗಿದ್ದ ಗಾರ್ಡನ್ ಲಿಯು ಇಪ್ಪತ್ತಾರು ವರ್ಷಗಳ ಬಳಿಕ ಅದೇ ಪೈ ಮೇ ಆದ. ನಮ್ಮವರಿಗೂ ಅವನು ಅಪರಿಚಿತನೇನಲ್ಲ. 2009ರ ಹಿಂದಿ ಚಿತ್ರ ‘ಚಾಂದನಿ ಚೌಕ್ ಟು ಚೈನಾ’ದಲ್ಲಿ ಅಕ್ಷಯ್ ಕುಮಾರ್, ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಇಬ್ಬರಿಗೂ ಎದುರಾದ ಖಳ ಹೋಜೊ ಅವನೇ. ಆ ದಿನ ಎಷ್ಟು ದೊಡ್ಡ ಪಟುವನ್ನು ನೋಡುತ್ತಿದ್ದೇವೆಂದು ನಮ್ಮ ಚಿತ್ರಮಂದಿರಗಳಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ!

ಲಾವ್ ಕಾರ್-ಲಿಯಂಗ್ 2013ರಲ್ಲಿ ತೀರಿಕೊಂಡ. ಗಾರ್ಡನ್ ಲಿಯು 2011ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ. ಸ್ಟುಡಿಯೊ ಚಿತ್ರನಿರ್ಮಾಣ ನಿಲ್ಲಿಸಿದ ಮೇಲೆ ಬಹುಕಾಲ ಬೀಗದೊಳಗೆ ಇದ್ದ ಶಾ ಬ್ರದರ್ಸ್‌ನ ಸುಮಾರು 760 ಚಿತ್ರಗಳನ್ನು 2000ದಲ್ಲಿ ಸೆಲೆಸ್ಟಿಯಲ್ ಪಿಕ್ಚರ್ಸ್ ಕೊಂಡು, ಒಂದೊಂದಾಗಿ ಶುಚಿಗೊಳಿಸಿ ಹೊರತಂದಿತು. ಹಾಗಾಗಿಯೇ ಕೊಳದ ನೀರಿನ ಹೊಳಪು, ಕಾವಿ ಬಟ್ಟೆಯ ಬಣ್ಣ ಇಂದು ಇಷ್ಟು ಚೆನ್ನಾಗಿ ಕಾಣುತ್ತಿವೆ. ಸಿಕ್ಕರೆ ಮ್ಯಾಂಡರಿನ್ ಮಾತಿನ ಪ್ರತಿಯನ್ನೇ ನೋಡಿ, ಇಂಗ್ಲಿಷ್ ಡಬ್ಬಿಂಗ್ ಬೇಡ. ಮನೆಯಲ್ಲಿ ಏನಾದರೂ ಕಲಿಯುತ್ತಿರುವ ಮಗುವಿದ್ದರೆ, ಅದು ಸಂಗೀತವಿರಲಿ, ಈಜಿರಲಿ, ಗಣಿತವಿರಲಿ, ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮೊದಲ ಭಾಗದಲ್ಲಿ ರಕ್ತಪಾತ ಇದೆ, ತೀರಾ ಚಿಕ್ಕವರಿಗೆ ಬೇಡ. ಆದರೆ ಕೋಣೆಗಳು ಶುರುವಾದ ಮೇಲೆ ದಯವಿಟ್ಟು ಒಂದು ನಿಮಿಷವನ್ನೂ ಓಡಿಸಬೇಡಿ.