ನೀಲಗಿರಿ ಬದು: ಬೆಳೆ ಕುಗ್ಗಿಸುವುದು ಎಣ್ಣೆಯೋ, ಬೇರೋ?

ನೀಲಗಿರಿಯ ಜಗಳ ಹಾವೇರಿ ಸೀಮೆಗೆ ಹೊಸದಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಬೇರೆ ಗಿಡ ಹಚ್ಚಿದ್ದು ಹಿರಿಯರಿಗೆ ನೆನಪಿದ್ದೀತು. ಅದು ಊರ ಜಮೀನಿನ ಪ್ರಶ್ನೆ. ನನ್ನದು ಬದುವಿನ ಪ್ರಶ್ನೆ.

ಬ್ಯಾಡಗಿ ಕಡೆಯ ನಮ್ಮ ಹೊಲಕ್ಕೆ ತಾಗಿ ಪಕ್ಕದವರ ನೀಲಗಿರಿ ಸಾಲಿದೆ. ಅದರ ಮಗ್ಗುಲಿನ ನಾಲ್ಕೈದು ಸಾಲು ಮೆಣಸಿನ ಗಿಡ ಪ್ರತಿವರ್ಷ ಕುಳ್ಳಾಗಿಯೇ ಉಳಿಯುತ್ತಿದ್ದವು. "ಎಲಿಯೊಳಗ ಎಣ್ಣಿ ಐತ್ರಿ, ಅದು ಬಿದ್ದಲ್ಲಿ ಏನೂ ಏಳಂಗಿಲ್ಲ" ಎಂಬುದು ಊರಿನ ಮಾತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ನೀಲಗಿರಿ ತೋಪು ಕಂಡವರೂ ಹಾಗೇ ಹೇಳುತ್ತಾರೆ.

ಮಾತಿನಲ್ಲಿ ಹುರುಳಿದೆ. ಎಲೆ ತಿಕ್ಕಿದಾಗ ಮೂಗಿಗೆ ಬಡಿಯುವುದು ಸಿನಿಯೋಲ್, ಪೈನೀನ್, ಲಿಮೊನೀನ್ ಮೊದಲಾದ ಆವಿಯಾಗುವ ವಸ್ತುಗಳು. ಇವು ಹೆಚ್ಚಾದರೆ ಮೊಳಕೆ ತಡೆಯುತ್ತವೆ, ಎಳೆಬೇರನ್ನು ಮೊಟಕು ಮಾಡುತ್ತವೆ. ಸಿನಿಯೋಲ್ ಬಳಗದ ರಚನೆಯನ್ನೇ ಹೋಲುವ ಸಿನ್ಮೆಥಿಲಿನ್ ಎಂಬ ಕಳೆನಾಶಕವೂ ಇದೆ. ಮಳೆನೀರಿನಲ್ಲಿ ಇಳಿಯುವ ಗ್ಯಾಲಿಕ್, ಫೆರುಲಿಕ್ ಆಮ್ಲಗಳು ಎಲೆಯಲ್ಲಿ ಬೇರೆ ಉಂಟು.

ಆದರೂ ಎಲ್ಲ ತಪ್ಪನ್ನೂ ಎಣ್ಣೆಯ ತಲೆಗೆ ಕಟ್ಟಬಾರದು. 1964ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿ ಮುಲ್ಲರ್, ಸಾಲ್ವಿಯಾ ಪೊದೆಗಳ ಸುತ್ತ ಹುಲ್ಲು ಹುಟ್ಟದ್ದಕ್ಕೆ ಎಲೆಯ ಸಿನಿಯೋಲ್ ಮತ್ತು ಕರ್ಪೂರ ಕಾರಣ ಎಂದರು. 1970ರಲ್ಲಿ ಬಾರ್ಥಲೊಮ್ಯೂ ಎಂಬವರು ಆ ಬೋಳು ಜಾಗಕ್ಕೆ ತಂತಿಬಲೆ ಕಟ್ಟಿ ನೋಡಿದರು. ಹುಲ್ಲು ಬಂತು! ಪೊದೆಯಲ್ಲಿ ಅಡಗುವ ಇಲಿ, ಹಕ್ಕಿಗಳೂ ಅಲ್ಲಿ ಮೇಯುತ್ತಿದ್ದವು.

ನೀವೂ ಪರೀಕ್ಷೆ ಮಾಡಬಹುದು. ಮುಚ್ಚಳದ ಎರಡು ಬಾಟಲಿಗಳಲ್ಲಿ ಒದ್ದೆ ಬಟ್ಟೆಯ ಮೇಲೆ ಇಪ್ಪತ್ತಿಪ್ಪತ್ತು ಜೋಳದ ಕಾಳು ಹಾಕಿ. ಒಂದರಲ್ಲಿ ಮಾತ್ರ ಜಜ್ಜಿದ ಹಸಿ ನೀಲಗಿರಿ ಎಲೆಯನ್ನು ಕಾಳಿಗೆ ತಾಗದಂತೆ ತೂಗುಬಿಡಿ. ನಾಲ್ಕನೇ ದಿನ ಬೇರು ಅಳೆಯಿರಿ. ಎಣ್ಣೆಯ ಕಸುವು ತಿಳಿಯುತ್ತದೆ. ಆದರೆ ಬಾಟಲಿಯಲ್ಲಿ ಆವಿ ಕಟ್ಟಿನಿಲ್ಲುತ್ತದೆ, ಹೊಲದಲ್ಲಿ ಗಾಳಿಗೆ ಹಾರಿಹೋಗುತ್ತದೆ. ಹಾಗಾಗಿ ಹೊಲವನ್ನೂ ಕೇಳಬೇಕು.

ಬದುವಿನುದ್ದಕ್ಕೆ ಮೂರು ಪಾಲು ಮಾಡಿ. ಒಂದರಲ್ಲಿ ಬಿದ್ದ ಎಲೆ ಗುಡಿಸುತ್ತಿರಿ. ಇನ್ನೊಂದರಲ್ಲಿ ನಿಮ್ಮ ಹೊಲದ ಅಂಚಿಗೆ ಮೂರಡಿ ಆಳದ ಕಂದಕ ತೋಡಿ. ಮೂರನೆಯದನ್ನು ಹಾಗೇ ಬಿಡಿ. ನೆರಳು ಮೂರಕ್ಕೂ ಒಂದೇ, ಆದ್ದರಿಂದ ವ್ಯತ್ಯಾಸ ಬಂದರೆ ಎಲೆಯದ್ದು ಇಲ್ಲವೇ ಬೇರಿನದು.

ನಮ್ಮಲ್ಲಿ ಗೆದ್ದದ್ದು ಕಂದಕ. ಆ ಪಾಲಿನ ಮೆಣಸು ಉಳಿದ ಹೊಲದ ಸಮಕ್ಕೆ ಹತ್ತಿರ ಬಂತು. ಎಲೆ ಗುಡಿಸಿದಲ್ಲಿ ಅಷ್ಟೇನೂ ಬದಲಾಗಲಿಲ್ಲ. ಅಂದರೆ ನಮ್ಮ ಹೊಲದ ಮುಖ್ಯ ಕಳ್ಳ ನೀರು ಕುಡಿಯುವ ಬೇರು. ನಿಮ್ಮ ಮಣ್ಣಿನಲ್ಲಿ ಬೇರೆಯಾದೀತು, ಮಾಡಿಯೇ ನೋಡಬೇಕು.

ಬೇರು ಮತ್ತೆ ದಾಟಿ ಬರುತ್ತದೆ. ಪ್ರತಿವರ್ಷ ಬಿತ್ತನೆಗೆ ಮೊದಲು ಕಂದಕ ಸವರಿ. ಹಸಿ ಎಲೆಯನ್ನು ಸಸಿಮಡಿಗೆ ಹೊದಿಸಬೇಡಿ. ತಿಪ್ಪೆಯಲ್ಲಿ ಚೆನ್ನಾಗಿ ಕೊಳೆತರೆ ಅದರ ಕಾಟ ತಗ್ಗುತ್ತದೆ. ಪಕ್ಕದವರ ಮೇಲೆ ಸಿಟ್ಟಾಗುವುದಕ್ಕಿಂತ ಎರಡು ಆಳಿನ ಗುದ್ದಲಿ ಕೆಲಸ ಅಗ್ಗ.